ಆರು ದೇಶ ಸುತ್ತುವ ರ‍್ಯಾಂಪ್ ಮಹೋದಯರಿಗೆ

ಆರು ನೆರೆದೇಶಗಳ ಏಕಮಾತ್ರ ಇಳಿಜಾರೂ, ಮಡಚಿದರೆ ಒಂದು ಮಂಚದಷ್ಟಾಗಿ ಬಿಡಿಸಿದರೆ ಆರು ಸರ್ಕಾರಗಳ ಮಾನ ಮುಚ್ಚುವಷ್ಟು ಅಗಲವಾಗುವವರೂ, ಎರಡೂ ಬದಿಗೆ ಹೊಳೆಯುವ ಹಿಡಿಕಂಬಿ ಹೊಂದಿದವರೂ ಆದ ಶ್ರೀಮಾನ್ ಅಲ್ಯೂಮಿನಿಯಂ ರ‍್ಯಾಂಪ್ ಮಹೋದಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಈಗ ಗಡಿಯಾಚೆ, ಪಕ್ಕದ ದೇಶದ ಕಚೇರಿಯ ಮುಂದೆ ಬೆನ್ನು ಚಾಚಿ ಸುಖವಾಗಿ ಮಲಗಿದ್ದೀರೆಂದು ನಂಬಿದ್ದೇನೆ. ಲಾರಿಯ ಕುಲುಕಾಟಕ್ಕೆ ಕೀಲುಗಳು ನೊಂದಿಲ್ಲ ತಾನೆ? ನಾನು ಯಾರೆಂದು ತಮಗೆ ನೆನಪಿರಲಾರದು. ತಮ್ಮನ್ನು ನಮ್ಮೂರಲ್ಲಿ ಇಳಿಸುವಾಗ, "ಏಯ್, ಸ್ವಲ್ಪ ಪಕ್ಕಕ್ಕೆ ತೆಗಿಯಪ್ಪಾ ನಿನ್ನ ಡಬ್ಬಾ ಗಾಡಿನ, ದೊಡ್ಡೋರು ಬರ್ತಿದಾರೆ" ಅಂತ ವಾಚ್‌ಮನ್ ಕೈಲಿ ಬೈಸಿಕೊಂಡವನು ನಾನೇ. ಆ ದೊಡ್ಡವರು ತಾವೇ. ನಾನು ಗೂಡ್ಸ್ ಆಟೋ ಓಡಿಸುತ್ತೇನೆ, ವಯಸ್ಸು ಐವತ್ತು, ಬಾಯಿ ಸ್ವಲ್ಪ ಜಾಸ್ತಿ. ಕೂತು ಬರೆಯುವ ಅಭ್ಯಾಸವಿಲ್ಲದ್ದರಿಂದ ಗಾಡಿ ನಿಂತಲ್ಲೆಲ್ಲ ಫೋನಿಗೆ ಹೇಳಿ ಕಳಿಸುತ್ತಿದ್ದೇನೆ. ನನ್ನ ತಂಗಿ ಕೇಳಿಸಿಕೊಂಡು ಟೈಪ್ ಮಾಡುತ್ತಿದ್ದಾಳೆ. ಬೈಗುಳ ಬಂದ ಕಡೆಯೆಲ್ಲ ಅವಳು ಅದನ್ನು ತೆಗೆದು 'ಮಹೋದಯರೇ' ಎಂದು ಹಾಕುತ್ತಾಳಂತೆ. ಆದ್ದರಿಂದ ಈ ಪತ್ರದಲ್ಲಿ ಎಲ್ಲೆಲ್ಲಿ ಮಹೋದಯರೇ ಎಂದಿದೆಯೋ ಅಲ್ಲೆಲ್ಲ ನಾನು ಬೇರೇನೋ ಹೇಳಿದ್ದೆ ಎಂದು ತಿಳಿಯತಕ್ಕದ್ದು.

ಆ ತಂಗಿಯ ಸಲುವಾಗಿಯೇ ಈ ಅರಿಕೆ. ಅವಳು ಸಮಾನತೆ ಮಂಡಳಿಯ ನಮ್ಮೂರ ಶಾಖೆಯಲ್ಲಿ ಟೈಪಿಸ್ಟು, ಚಿಕ್ಕಂದಿನಿಂದ ಗಾಲಿಕುರ್ಚಿಯಲ್ಲಿರುವವಳು. ತಾವು ಹೊರಟುಹೋದ ಮೇಲೆ ಅವಳು ಕಚೇರಿಯೊಳಗೇ ಉಳಿದುಬಿಟ್ಟಳು, ಏಕೆಂದರೆ ಅವಳನ್ನು ಒಳಗೆ ಹತ್ತಿಸಿದವರು ತಾವು, ಇಳಿಸುವ ಮೊದಲೇ ಮಡಚಿಕೊಂಡು ಲಾರಿ ಹತ್ತಿದವರೂ ತಾವೇ, ಮಹೋದಯರೇ.

ಮೊದಲಿಂದ ಹೇಳುತ್ತೇನೆ. ಕಚೇರಿಯ ಬಾಗಿಲಿಗೆ ಮೂರು ಮೆಟ್ಟಿಲು. ಅಂಗವಿಕಲರಿಗೆಂದೇ ಕಟ್ಟಿದ ಕಚೇರಿಗೆ ಮೆಟ್ಟಿಲೇಕೆ ಎಂದು ತಾವು ಕೇಳಬಾರದು. ಕಟ್ಟಿದವರಿಗೆ ಕಟ್ಟಡಕ್ಕೊಂದು ಗಾಂಭೀರ್ಯ ಬೇಕಾಗಿತ್ತು. ನಾನು ನಮ್ಮ ಹಳೇ ಬೀರುವಿನ ಎರಡು ಬಾಗಿಲು ಕಳಚಿ, ಸೇರಿಸಿ, ಜಾರದ ಹಾಗೆ ಮೇಲೆ ಗೋಣಿತಟ್ಟು ಬಡಿದು ಒಂದು ಹಲಗೆ ಮಾಡಿಕೊಂಡಿದ್ದೆ. ಬೆಳಿಗ್ಗೆ ಹಲಗೆ ಹಾಸಿ ಅವಳನ್ನು ಹತ್ತಿಸಿ ನನ್ನ ಬಾಡಿಗೆಗೆ ಹೋಗುತ್ತಿದ್ದೆ, ಸಂಜೆ ಬಂದು ಇಳಿಸುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಸಹಕಾರ ಎಂಬ ಮಾತು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಪಾಪ, ಅಷ್ಟು ಹಿಂದುಳಿದಿದ್ದೆವು.

ಆಮೇಲೆ ಆರು ದೇಶಗಳು ಕೈ ಕುಲುಕಿದವು. ಸಮ್ಮೇಳನದ ಮೇಲೆ ಸಮ್ಮೇಳನ ನಡೆಯಿತು. ಮೊದಲನೆಯದರಲ್ಲಿ ನನ್ನ ತಂಗಿ ಅಂಗವಿಕಲೆಯಾಗಿದ್ದಳು, ಎರಡನೆಯದರಲ್ಲಿ ವಿಕಲಚೇತನೆಯಾದಳು, ಮೂರನೆಯದರಲ್ಲಿ ವಿಶೇಷಚೇತನೆಯಾದಳು. ಹೆಸರು ಮೇಲೇರುತ್ತಲೇ ಹೋಯಿತು. ಅದಕ್ಕೆ ಏರಲು ರ‍್ಯಾಂಪ್ ಬೇಕಾಗಿರಲಿಲ್ಲ ನೋಡಿ. ನಾಲ್ಕನೆಯ ಸಮ್ಮೇಳನದಲ್ಲಿ ಪ್ರಾದೇಶಿಕ ಮಾನದಂಡ ಎಂಬುದೊಂದು ಹುಟ್ಟಿತು. ಇಳಿಜಾರು ಇಂತಿಷ್ಟೇ ಇರಬೇಕು, ಹಿಡಿಕಂಬಿ ಇರಲೇಬೇಕು, ಮರ ಕೂಡದು. ಒಳ್ಳೆಯ ಮಾತುಗಳೇ, ನಾನೂ ತಲೆದೂಗಿದೆ. ಮಾರನೆಯ ಬೆಳಿಗ್ಗೆ ವಾಚ್‌ಮನ್ ನನ್ನ ಹಲಗೆಗೆ ಅಡ್ಡ ನಿಂತ.

"ಇದು ಆಗಲ್ಲಣ್ಣ. ಮಾನದಂಡಕ್ಕೆ ಹೊಂದಲ್ಲ."

"ಮತ್ತೆ ಹೊಂದೋದು ಎಲ್ಲಿದೆಯಪ್ಪ?"

"ಬರುತ್ತೆ. ಆರು ದೇಶಕ್ಕೂ ಸೇರಿ ಒಂದು ತರಿಸಿದಾರಂತೆ."

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತ ನಮ್ಮ ಹಿರಿಯರು ಹೇಳಿದ್ದನ್ನು ಸರ್ಕಾರಗಳು ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೌಲ್ಯಮಾಪನ ಸಮಿತಿ ಎಂಬುದೊಂದು ದೇಶದಿಂದ ದೇಶಕ್ಕೆ ಹೋಗಿ ಪ್ರತಿ ಕಚೇರಿಗೂ ಅಂಕ ಕೊಡುತ್ತದೆ. ಅದು ತಲುಪುವ ಮುನ್ನಾದಿನ ತಾವು ಅಲ್ಲಿ ತಲುಪುತ್ತೀರಿ, ಅದು ಹೊರಡುವ ದಿನ ತಾವೂ ಹೊರಡುತ್ತೀರಿ. ಆರೂ ದೇಶಗಳಲ್ಲಿ ಸಮಿತಿ ಕಾಣಲಿರುವುದು ಒಂದೇ ಬಗೆಯ, ಒಂದೇ ಅಳತೆಯ, ಒಂದೇ ಹೊಳಪಿನ ರ‍್ಯಾಂಪು. ಅದಕ್ಕೆ ವರದಿಯಲ್ಲಿ ಮುಂಚಿತವಾಗಿಯೇ 'ಅಚ್ಚರಿಗೊಳಿಸುವ ಏಕರೂಪತೆ' ಎಂದು ಹೊಗಳಿದ್ದಾರಂತೆ. ಟೈಪ್ ಮಾಡಿದವಳು ನನ್ನ ತಂಗಿಯೇ.

ತಾವು ಬರುವವರೆಗೆ ಅವಳನ್ನು ಹೊರಗೆ, ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿಗೂ ಬೈಕು ನಿಲ್ಲಿಸುವ ಜಾಗಕ್ಕೂ ನಡುವೆ ಕೂರಿಸಿದರು. ಕಿಟಕಿಯಿಂದ ಕರೆಂಟಿನ ವೈರು ಬಂತು, ಕಾಗದಗಳು ಬಂದವು, ಒಮ್ಮೊಮ್ಮೆ ಟೀ ಬಂತು. "ತಾತ್ಕಾಲಿಕ ಅಮ್ಮಾ, ತಾತ್ಕಾಲಿಕ" ಎಂದರು ನಿರ್ದೇಶಕರು. ಕುಂಟು ನೆಪ ಹೇಳ್ತಿದಾರೆ ಅಂತ ನಾನು ಸಿಡುಕಿದ್ದಕ್ಕೆ ಅವಳು ನಕ್ಕುಬಿಟ್ಟಳು: "ನೆಪ ಕುಂಟೋದನ್ನ ನಾನಂತೂ ನೋಡಿಲ್ಲ ಅಣ್ಣ. ಅವು ನಮ್ಮಾಫೀಸಲ್ಲಿ ಓಡಾಡ್ತವೆ." ಆದರೆ ಹಾರನ್ ಸದ್ದಿನ ನಡುವೆ ಕೂತು ಅವಳು ಊಟದ ಡಬ್ಬಿಯನ್ನು ಹಾಗೇ ವಾಪಸು ತರಲು ಶುರುಮಾಡಿದ್ದಳು. ಒಳಗೆ ಅವಳ ಮೇಜಿತ್ತು, ಗೆಳತಿಯರಿದ್ದರು, ಮಾತಿತ್ತು. ಹೊರಗೆ ಚಪ್ಪಲಿಗಳಿದ್ದವು.

ಕೊನೆಗೂ ತಾವು ಚಿತ್ತೈಸಿದಿರಿ. ರಿಬ್ಬನ್ ಕಟ್ಟಿದರು. ತಮ್ಮ ಮೇಲೆ ಮೊದಲು ಉರುಳಿದವಳು ನನ್ನ ತಂಗಿ; ಮೊದಲ ಸಲ ಫೋಟೋದವನಿಗೆ ಬೆಳಕು ಸಾಲಲಿಲ್ಲ, ಎರಡನೇ ಸಲ ಸಮಿತಿಯ ಅಧ್ಯಕ್ಷರು ಕಣ್ಣು ಮುಚ್ಚಿದ್ದರು, ಹೀಗಾಗಿ ಮೂರು ಸಲ ಹತ್ತಿಸಿದರು. ಆಮೇಲೆ ಒಳಗೆ ಭಾಷಣಗಳು. ಅವಳು ತನ್ನ ಹಳೇ ಮೇಜಿನ ಮುಂದೆ ಹೋಗಿ ಕುಳಿತು ಅದರ ಧೂಳು ಒರೆಸಿದಳಂತೆ. 'ಯಾರೂ ಹಿಂದೆ ಉಳಿಯದ ಪ್ರದೇಶ' ಎಂಬ ಕೊನೆಯ ಭಾಷಣಕ್ಕೆ ಚಪ್ಪಾಳೆ ಬೀಳುತ್ತಿದ್ದಾಗ, ಮುಂದಿನ ದೇಶಕ್ಕೆ ಹೊತ್ತಾಯಿತೆಂದು ಹೊರಗೆ ಲಾರಿಯವರು ತಮ್ಮನ್ನು ಮಡಚಿ ಹತ್ತಿಸಿದರು. ಒಳಗೊಬ್ಬಳಿದ್ದಾಳೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಅವಳ ಜಾಗ ಹೊರಗಲ್ಲವೇ?

ಸಂಜೆ ನಾನು ಹೋದಾಗ ಬಾಗಿಲಲ್ಲಿ ದೊಡ್ಡ ಸಭೆ. ನಿರ್ದೇಶಕರು ತುಂಬ ಒಳ್ಳೆಯ ಮನುಷ್ಯರು, ಯಾರ ಮಾತಿಗೂ ಇಲ್ಲ ಎನ್ನುವುದಿಲ್ಲ, ಯಾವುದನ್ನೂ ಮಾಡುವುದೂ ಇಲ್ಲ. "ಅದಕ್ಕೇನಂತೆ, ನಾಲ್ಕು ಜನ ಸೇರಿ ಎತ್ತಿ ಇಳಿಸಿಬಿಡ್ತಾರೆ, ಹೂವಿನ ಹಾಗೆ" ಎಂದರು. ನಾಲ್ವರು ತೋಳು ಮಡಚಿಕೊಂಡು ನಿಂತೂ ಇದ್ದರು.

ನನ್ನ ತಂಗಿ ಚಕ್ರದ ಬ್ರೇಕ್ ಹಾಕಿದಳು.

"ಬೇಡ ಸಾರ್. ನಾನು ಇಲ್ಲಿಗೆ ಕೆಲಸಕ್ಕೆ ಬಂದೋಳು, ಸಾಮಾನಲ್ಲ. ನಡ್ಕೊಂಡು ಬಂದೋರು ನಡ್ಕೊಂಡು ಹೋಗಲಿ. ಉರುಳ್ಕೊಂಡು ಬಂದಿದೀನಿ, ಉರುಳ್ಕೊಂಡೇ ಹೋಗ್ತೀನಿ."

"ಹಠ ಮಾಡಬಾರದಮ್ಮಾ. ಬೇಕಾದ್ರೆ ನಿಮ್ಮಣ್ಣನ ಹಲಗೆಗೆ ಇವತ್ತೊಂದಿನ ಅನುಮತಿ ಕೊಡೋಣ. ಹೊರಗೆ ಹೋಗೋದಕ್ಕೆ ಮಾತ್ರ."

"ನಾಳೆ ಬೆಳಿಗ್ಗೆ ಒಳಗೆ ಬರೋದಕ್ಕೆ?"

"ಅದು... ಮಾನದಂಡ ಬದಲಾಯಿಸ್ಬೇಕು, ಆರು ದೇಶದ ಒಪ್ಪಿಗೆ ಬೇಕು. ಮುಂದಿನ ವರ್ಷ ಸಭೆ ಇದೆ."

"ಹಾಗಾದ್ರೆ ಮುಂದಿನ ವರ್ಷ ಹೋಗ್ತೀನಿ ಬಿಡಿ."

ನಾನು ಬಾಗಿಲ ಬಳಿ ಹೋಗಿ ಮೆಲ್ಲಗೆ, "ಬಾರೇ ತಾಯಿ, ನಿನ್ನ ಅತ್ತಿಗೆ ಕಾಯ್ತಿದಾಳೆ, ನಾನೇ ಹುಷಾರಾಗಿ ಇಳಿಸ್ತೀನಿ" ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, "ಅಣ್ಣ, ಇವತ್ತು ಇಳಿದ್ರೆ ಚಪ್ಪಲಿ ಸ್ಟ್ಯಾಂಡೇ ಗತಿ. ರಿಟೈರಾಗೋ ತನಕ" ಎಂದಳು. ನಾನು ಗಾಡಿ ತಿರುಗಿಸಿದೆ, ಮಹೋದಯರೇ. ಮನೆಗೆ ಹೋಗಿ ಹಾಸಿಗೆ, ಬಟ್ಟೆ, ಮಾತ್ರೆ ತಂದು ಕಿಟಕಿಯಲ್ಲಿ ಕೊಟ್ಟೆ. ಕಸ ಗುಡಿಸುವ ಅಕ್ಕ ಜೊತೆಗಿರುತ್ತೇನೆಂದು ತಾನಾಗಿಯೇ ಉಳಿದಳು. ಗಾಲಿಕುರ್ಚಿಯವರ ಶೌಚಾಲಯದ ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಒಳಗೆ ನಾಲ್ಕೂ ಸಮ್ಮೇಳನಗಳ ಬ್ಯಾನರುಗಳನ್ನು ಸುತ್ತಿ ತುಂಬಿದ್ದರು. ಸಮಾನತೆಯನ್ನೆಲ್ಲ ಹೊರಗೆಳೆದು ಹಾಕಿದ ಮೇಲೆ ಇಬ್ಬರೂ ನೆಮ್ಮದಿಯಾಗಿ ಮಲಗಿದರಂತೆ.

ಆಗ ತಮಗೆ ನಾನು ಹೇಳಿ ಕಳಿಸಬೇಕೆಂದಿದ್ದ ಬೇಡಿಕೆಗಳು ಸರಳವಾಗಿದ್ದವು: ದಯವಿಟ್ಟು ಲಾರಿಯಿಂದ ಹಾರಿ ಓಡಿ ಬನ್ನಿ, ಆಗದಿದ್ದರೆ ಆರು ತುಂಡಾಗಿ ನಮ್ಮ ಪಾಲಿನ ತುಂಡನ್ನು ಅಂಚೆಯಲ್ಲಿ ಕಳಿಸಿ, ಅದೂ ಆಗದಿದ್ದರೆ ತಮ್ಮದೊಂದು ಫೋಟೋ ಕಳಿಸಿದರೂ ಸಾಕು, ಸಮಿತಿಯವರು ಅಂಕ ಕೊಡುವುದು ಫೋಟೋಗೇ ಆದ್ದರಿಂದ ನನ್ನ ತಂಗಿ ಅದರ ಮೇಲೆಯೇ ಇಳಿಯಲು ಯತ್ನಿಸುತ್ತಾಳೆ.

ಆದರೆ ಮರುದಿನ ನನ್ನ ತಂಗಿ ನನಗೆ ಹೇಳದೆ ಒಂದು ಕೆಲಸ ಮಾಡಿದಳು. ಗಡಿಯಾಚೆಯ ಕಚೇರಿಯಲ್ಲಿ ಅವಳಂತೆಯೇ ಗಾಲಿಕುರ್ಚಿಯ ಒಬ್ಬರು ಭಾಷಾಂತರಕಾರರಿದ್ದಾರೆ; ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದುದರಿಂದ ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಅವರಿಗೂ ವರಾಂಡವೇ ಗತಿ. ಎರಡು ಕಚೇರಿಗಳ ನಡಾವಳಿಗಳನ್ನು ಅತ್ತಿತ್ತ ಕಳಿಸುತ್ತ ಇಬ್ಬರಿಗೂ ಫೋನಿನಲ್ಲೇ ಸ್ನೇಹ. ಇವಳು ಅವರಿಗೆ ಕರೆ ಮಾಡಿ ಹೇಳಿದಳಂತೆ: "ಮೇಷ್ಟ್ರೇ, ನಾಳೆ ಅದು ನಿಮ್ಮಲ್ಲಿಗೆ ಬರುತ್ತೆ. ಹತ್ತಿ. ಆದ್ರೆ ಒಳಗೆ ಹೋಗ್ಬೇಡಿ. ನಡುವೆ ನಿಂತ್ಕೊಂಡು ಬ್ರೇಕ್ ಹಾಕಿ."

ಮುಂದಿನದು ತಮಗೇ ಗೊತ್ತು, ತಮ್ಮ ಬೆನ್ನ ಮೇಲೆಯೇ ನಡೆದದ್ದು. ಮೇಷ್ಟ್ರು ಭಾರಿ ಆಳಂತೆ. ಜೊತೆಗೆ ತಿಂಡಿ, ಛತ್ರಿ, ಓದಲೊಂದು ದಪ್ಪ ಪುಸ್ತಕ. ಹೊತ್ತು ಇಳಿಸುತ್ತೇವೆಂದು ಬಂದವರಿಗೆ, "ಮುಟ್ಟಿ ನೋಡೋಣ" ಎಂದಷ್ಟೇ ಹೇಳಿ ಪುಟ ತಿರುಗಿಸಿದರಂತೆ. ಆ ದೇಶದ ಅಧಿಕಾರಿಗಳು ಒಳಗೆ, ಸಮಿತಿ ಹೊರಗೆ, ಲಾರಿ ರಸ್ತೆಯಲ್ಲಿ, ಮೂರನೇ ದೇಶದಲ್ಲಿ ರಿಬ್ಬನ್ ಕಟ್ಟಿಕೊಂಡು ಕಾದವರು ಕಾಯುತ್ತಲೇ. ಸಮಿತಿಯ ಅಧ್ಯಕ್ಷರು ಏನು ಬೇಕಪ್ಪಾ ನಿಮಗೆ ಎಂದು ಕೇಳಿದ್ದಕ್ಕೆ ಮೇಷ್ಟ್ರು, "ಅಲ್ಲೊಬ್ಬಳು ನಮ್ಮ ಹುಡುಗಿ ಸಿಕ್ಕಿಹಾಕ್ಕೊಂಡಿದಾಳೆ. ಮೊದಲು ಅಲ್ಲೊಂದು ಸಿಮೆಂಟಿಂದು ಆಗ್ಲಿ. ಆಮೇಲೆ ಇಲ್ಲೊಂದು. ಎರಡೂ ಆದ್ಮೇಲೆ ಇಳೀತೀನಿ" ಎಂದರಂತೆ. ಒಬ್ಬರನ್ನೊಬ್ಬರು ಕಣ್ಣಾರೆ ಕಾಣದವರು. ನಾಲ್ಕು ಸಮ್ಮೇಳನಗಳಲ್ಲಿ ನಾನು ಪ್ರಾದೇಶಿಕ ಸಹಕಾರ ಎಂಬುದನ್ನು ಹುಡುಕಿದ್ದೇ ಹುಡುಕಿದ್ದು. ಅದು ತಮ್ಮ ಬೆನ್ನ ಮೇಲೆ ಛತ್ರಿ ಹಿಡಿದು ಕೂತಿತ್ತು.

ಅಲ್ಲಿಂದ ಅಧ್ಯಕ್ಷರ ಫೋನು ಬಂದ ಮೇಲೆ ನಮ್ಮ ನಿರ್ದೇಶಕರ ಒಳ್ಳೆಯತನಕ್ಕೆ ಕೈಕಾಲು ಬಂತು. ಅಂದೇ ಗಾರೆಯವರು ಬಂದರು. ಮೂರು ಮೆಟ್ಟಿಲೂ ಮುಚ್ಚಿ ಇಟ್ಟಿಗೆ ಕಟ್ಟಿ, ಉದ್ದಕ್ಕೆ ಇಳಿಜಾರು ಬಿಟ್ಟು ಸಿಮೆಂಟು ಎಳೆದರು, ಕಂಬಿಯನ್ನೂ ನಿಲ್ಲಿಸಿದರು. ಕೆಲಸ ಮುಗಿದಾಗ ನೋಡಿದರೆ ನಿರ್ದೇಶಕರು ಒಳಗಿದ್ದಾರೆ, ಹಸಿ ಸಿಮೆಂಟು ಹೊರಗಿದೆ, ಅವರಿಗೆ ಮನೆಯಲ್ಲಿ ನೆಂಟರು ಬಂದಿದ್ದಾರೆ. "ನಿಮ್ಮ ಹಲಗೆ ಇದೆಯಾ?" ಎಂದು ಕಿಟಕಿಯಿಂದ ಕೂಗಿದರು. ಇದೆ ಸಾರ್, ಆದರೆ ಮಾನದಂಡಕ್ಕೆ ಹೊಂದಲ್ಲವಲ್ಲ ಎಂದೆ. ಬೇಕಿದ್ದರೆ ನಾಲ್ಕು ಜನ ಎತ್ತಿ ಇಳಿಸುತ್ತೇವೆ, ಹೂವಿನ ಹಾಗೆ ಎಂದೆ. ಅವರು ಕಿಟಕಿ ಹತ್ತಿ ಹಾರಿದರು. ನನ್ನ ತಂಗಿ ಒಳಗಿನಿಂದ ಅವರ ಬ್ಯಾಗನ್ನು ಬಹಳ ಗೌರವದಿಂದ ಕೈಗೆ ಕೊಟ್ಟಳು.

ಸಿಮೆಂಟು ಬಿಗಿಯುವ ತನಕ ಅವಳು ಅಲ್ಲೇ ಇದ್ದಳು. ಇಂದು ಸಂಜೆ ಅದರ ಮೇಲೆ ಹೊದಿಸಿದ್ದ ಒದ್ದೆ ಗೋಣಿ ತೆಗೆದರು. ನಾನು ಅಭ್ಯಾಸಬಲದಿಂದ ಹಿಂದೆ ಹೋಗಿ ಕುರ್ಚಿ ಹಿಡಿಯಲು ಕೈ ಚಾಚಿದೆ, "ಬಿಡಣ್ಣ" ಎಂದಳು. ಒಬ್ಬಳೇ, ಕಂಬಿಗೆ ಒಂದು ಕೈ ಕೊಟ್ಟು, ನಿಧಾನವಾಗಿ ಇಳಿದಳು. ನಾನು ಗಾಡಿಯ ಹಿಂಬಾಗಿಲು ತೆಗೆದು ನಿಂತೆ. ಅವಳು ಗಾಡಿಯ ಹತ್ತಿರ ಬಂದವಳು ನಿಂತು, ತಿರುಗಿಸಿಕೊಂಡು, ಮತ್ತೆ ಬಾಗಿಲಿನತ್ತ ಹೊರಟಳು.

"ಏನೇ, ಏನಾದ್ರೂ ಮರೆತ್ಯಾ?"

"ಇಲ್ಲ ಅಣ್ಣ. ಸುಮ್ನೆ. ಒಂದ್ಸಲ ಒಳಗೆ ಹೋಗಿ ಬರ್ತೀನಿ."

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬೇಡಿಕೆ ಈಗ ತಲೆಕೆಳಗಾಗಿದೆ. ತಾವು ಇತ್ತ ಬರುವುದು ಬೇಡ. ಮೇಷ್ಟ್ರ ಕಚೇರಿಗೆ ಇನ್ನೂ ಇಟ್ಟಿಗೆ ಬಿದ್ದಿಲ್ಲ. ಅಲ್ಲಿಯವರೆಗೆ ಯಾರು ಬಂದು ಮಡಚಲು ಯತ್ನಿಸಿದರೂ ಕೀಲು ಕಚ್ಚಿಕೊಂಡಂತೆ ನಟಿಸಿ. ಬಿಸಿಲೇರಿದಾಗ ಅವರ ಚಕ್ರದ ಕೆಳಗೆ ಕಾಯಬೇಡಿ. ಆಮೇಲೆ ಮೂರನೇ ದೇಶಕ್ಕೆ ಹೋಗಿ. ಅಲ್ಲಿಯೂ ಬ್ರೇಕ್ ಹಾಕುವವರೊಬ್ಬರ ಫೋನ್ ನಂಬರನ್ನು ನನ್ನ ತಂಗಿ ಹುಡುಕುತ್ತಿದ್ದಾಳೆ.

ತಮ್ಮ ಹೊಳಪನ್ನು ದೂರದಿಂದಲೇ ಮೆಚ್ಚುವ,
ತಮ್ಮ ವಿಶ್ವಾಸಿ,
ಡಬ್ಬಾ ಗಾಡಿಯವನು

ಮರೆತ ಮಾತು: ಪ್ರದೇಶಕ್ಕೆ ತಾವು ಸಲ್ಲಿಸಿದ ಸೇವೆಗಾಗಿ ತಮ್ಮನ್ನು ಸನ್ಮಾನಿಸಲು ಮಂಡಳಿ ತೀರ್ಮಾನಿಸಿದೆ; ಆಹ್ವಾನವನ್ನು ನನ್ನ ತಂಗಿ ಈಗಷ್ಟೇ ಟೈಪ್ ಮಾಡಿದಳು. ಗಾಲಿಕುರ್ಚಿಯವರಿಗೆಲ್ಲ ಮುಂದಿನ ಸಾಲಿನಲ್ಲೇ ಜಾಗವಂತೆ. ಸಭಾಂಗಣ ಎರಡನೇ ಮಹಡಿಯಲ್ಲಿದೆ. ಚಿಂತೆ ಬೇಡ, ಲಿಫ್ಟ್ ಇದೆ. ಆರು ದೇಶಗಳಿಗೂ ಸೇರಿ ಒಂದು, ಸದ್ಯಕ್ಕೆ ಲಾರಿಯಲ್ಲಿದೆ.