ಬೈಲಾದ ಹಿಂದಿನ ಪುಣ್ಯಾತ್ಮರು

ಸಂಘಗಳಿಗೆ ಬೈಲಾ ಬರೆದುಕೊಡುವುದು ನನ್ನ ಕೆಲಸ. ಕಾನೂನು ಮೇಲಿನಿಂದ ಬರುತ್ತದೆ. ಬೈಲಾ ಹಾಗಲ್ಲ, ಸಂಘದವರು ತಮಗೆ ತಾವೇ ಹಾಕಿಕೊಂಡ ಕಟ್ಟು. ಒಂದೊಂದು ನಿಯಮದ ಹಿಂದೆಯೂ ಅದಕ್ಕೆ ಕಾರಣನಾದ ಒಬ್ಬ ಪುಣ್ಯಾತ್ಮ ಇರುತ್ತಾನೆ. ನಮ್ಮ ಬಳ್ಳಾರಿ ಸೀಮೆಯಲ್ಲಿ ಅಂಥವರಿಗೆ ಬರವಿಲ್ಲ, ಹಾಗಾಗಿ ನನಗೂ ಕೆಲಸಕ್ಕೆ ಬರವಿಲ್ಲ.

ಬೀಗರು

ಕಂಟೋನ್ಮೆಂಟಿನ ನಿವಾಸಿಗಳ ಸಂಘವೊಂದರ ಬೈಲಾದಲ್ಲಿ ‘ಸಭೆಗೆ ಬೀಗರನ್ನು ಕರೆತರತಕ್ಕದ್ದಲ್ಲ’ ಎಂದಿದೆ. ಹೊಸ ಸದಸ್ಯರೊಬ್ಬರು ಓದಿ, “ಇದ್ಯಾಕ್ರಿ?” ಎಂದರು.

“ಹಿಂದ ಒಬ್ರು ಕರ್ಕೊಂಡು ಬಂದಿದ್ರು,” ಎಂದರು ಕಾರ್ಯದರ್ಶಿ. “ಬೀಗರ ಮುಂದ ಮರ್ಯಾದಿ ಹೋಗಬಾರದಂತ ಅವತ್ತು ಯಾರೂ ಜಗಳಾನ ಆಡ್ಲಿಲ್ಲ. ನೀರು, ಚರಂಡಿ ಎಲ್ಲಾ ಹಂಗ ಉಳಿದ್ವು. ಜಗಳ ಇಲ್ದ ಸಂಘ ನಡೀತೈತೇನ್ರಿ?”

ಈಜು

ಕುರುಗೋಡಿನ ಹಾಲಿನ ಸಂಘದ ಹೆಣ್ಣುಮಕ್ಕಳಿಗೆ ನಾನು ಬರೆಯುವವರೆಗೆ ತಾಳ್ಮೆಯಿರಲಿಲ್ಲ. ಹೊಳೆದಂಡೆಯ ಮೀನುಗಾರರ ಸಂಘದ ಬೈಲಾ ತಂದು, ಹೆಸರಷ್ಟು ಬದಲಿಸಿ ನಕಲು ಮಾಡಿಕೊಂಡರು. ಮರುವಾರ ಒಬ್ಬ ಅಕ್ಕ ಗಾಬರಿಯಿಂದ ಬಂದಳು.

“ಅಣ್ಣಾರ, ಸದಸ್ಯರಿಗೆ ಈಜು ಬರಬೇಕಂತ ಐತಲ್ರಿ! ನನಗ ಬರಂಗಿಲ್ಲ. ನಮ್ಮ ಎಮ್ಮಿಗಿ ಬರ್ತೈತಿ. ಅದರ ಹೆಸರ ಬರಕೊಳ್ರಿ.”

ಹೋಳಿಗೆ

ಸಿರುಗುಪ್ಪದ ಹಮಾಲರ ಸಂಘಕ್ಕೆ ಹಿಂದೆ ಒಬ್ಬ ಅಧ್ಯಕ್ಷನಿದ್ದ. ಬೆಳಿಗ್ಗೆ ಸಿಟ್ಟಿಗೆ ರಾಜೀನಾಮೆ, ಸಂಜೆ ಮತ್ತೆ ಕುರ್ಚಿ. ಅವನ ಕಾಟಕ್ಕೆ, ಅರ್ಧಕ್ಕಿಂತ ಹೆಚ್ಚು ಸದಸ್ಯರು ಸಭೆಯಲ್ಲಿ ಕೂತು ಒಪ್ಪಿದರೆ ಮಾತ್ರ ಅಧ್ಯಕ್ಷರ ರಾಜೀನಾಮೆ ನಡೆಯುತ್ತದೆ ಎಂದು ನಾನೇ ಬರೆದಿದ್ದೆ. ಅವನು ಹೋದ. ಆ ನಿಯಮಕ್ಕೆ ಸಿಕ್ಕಿಬಿದ್ದದ್ದು ಈಗಿನ ಅಧ್ಯಕ್ಷರು, ಬಂಗಾರದಂಥ ಮನುಷ್ಯ.

ಅವರು ರಾಜೀನಾಮೆಗೆಂದು ಸಭೆ ಕರೆದಾಗಲೆಲ್ಲ ಸದಸ್ಯರು ಎದುರಿನ ಚಹಾದಂಗಡಿಯಲ್ಲಿ ಕೂರುತ್ತಿದ್ದರು.

“ಒಳಗ ಬರ್ರಲೇ!”

“ನಾವು ಬಂದ್ರ ನೀವು ಹೋಗ್ತೀರಿ. ಬರಂಗಿಲ್ರಿ!”

ಪಾಪ, ಅಧ್ಯಕ್ಷರು ನನ್ನ ಹತ್ತಿರ ಬಂದರು. “ಕೆಂಚನಗುಡ್ಡದಾಗ ಮಗಳ ಮನಿ ಐತಿ. ಮೊಮ್ಮಗಳ ಜೋಡಿ ಹೊಳಿ ದಂಡಿಗಿ ಕುಂದ್ರಬೇಕಂತ ಆಸಿ. ನಿಮ್ಮ ಬೈಲಾ ಬಿಡವಲ್ದು.”

“ಹೋಳಿಗಿ ಊಟ ಇಡ್ರಿ, ತಾವಾಗೇ ಬರ್ತಾರ,” ಎಂದು ಉಪಾಯ ಹೇಳಿಕೊಟ್ಟೆ.

ಬಂದರು, ಒಬ್ಬರೂ ತಪ್ಪಲಿಲ್ಲ. ನನಗೂ ಎಲೆ ಹಾಕಿದ್ದರು. ಊಟ ಮುಗಿಯುತ್ತಿದ್ದಂತೆ ಅಧ್ಯಕ್ಷರು ಕೈಮುಗಿದು, “ಇನ್ನ ನನ್ನ ಬಿಡ್ರಪ್ಪಾ,” ಎಂದರು. ಹಿರಿಯ ಹಮಾಲನೊಬ್ಬ ಕೈ ಒರೆಸಿಕೊಳ್ಳುತ್ತ ಎದ್ದ.

“ಉಂಡ ಮನಿಗಿ ಎರಡು ಬಗೀಬಾರದು. ಹೋಳಿಗಿ ಹಾಕಿದವ್ರನ್ನ ಹೊರಗ ಹಾಕಾಕ ಬರ್ತೈತೇನ್ರಿ? ರಾಜೀನಾಮಿ ಬ್ಯಾಡ ಅನ್ನವ್ರು ಕೈ ಎತ್ರಿ!”

ಎಲ್ಲ ಕೈಗಳೂ ಎದ್ದವು. ಅಧ್ಯಕ್ಷರು ದಿಕ್ಕು ತೋಚದೆ ನನ್ನತ್ತ ನೋಡಿದರು. ನನ್ನ ಕೈಯಲ್ಲಿ ಇನ್ನೂ ಅರ್ಧ ಹೋಳಿಗೆ ಇತ್ತು.