ಕಂಪೈಲರ್ ಹುಟ್ಟಿದ ಮನೆ

ನನ್ನ ಲ್ಯಾಬಿನಲ್ಲಿ ನಿಯಮ ಒಂದೇ: ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್, ಅಸೆಂಬ್ಲರ್, ಲಿಂಕರ್ ಮೂರನ್ನೂ ಮೂಲ ಕೋಡ್‌ನಿಂದ ನೀವೇ ಕಟ್ಟಬೇಕು, ಇನ್ನೊಬ್ಬರು ಕಟ್ಟಿದ್ದನ್ನು ಪೆನ್‌ಡ್ರೈವ್‌ನಲ್ಲಿ ತರಕೂಡದು. ಆಪರೇಟಿಂಗ್ ಸಿಸ್ಟಂ ಕಟ್ಟುವ ಮಾತು ಆಮೇಲೆ. ಬಂಗಾರಪೇಟೆಯ ಕಾಲೇಜಿನಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದ ದಿನದಿಂದ ನನಗೆ ನಗುವಿಗೆ ಬರವಿಲ್ಲ, ನಗುವ ಸ್ವಭಾವ ನನ್ನದಲ್ಲದಿದ್ದರೂ.

ಒಂದೇ ವಿಳಾಸ

ಕೇಳಿದರೆ ಸಾಕು, ತಾನು ಯಾರ ಫೋಲ್ಡರಿನಲ್ಲಿ ಹುಟ್ಟಿದ್ದೆಂದು ಕಂಪೈಲರೇ ಹೇಳಿಬಿಡುತ್ತದೆ. ಇದು ಹುಡುಗರಿಗೆ ಗೊತ್ತಿರಲಿಲ್ಲ. ಈ ವರ್ಷ ಹಿಂದಿನ ಬೆಂಚಿನವರೆಲ್ಲ ಒಂದೇ ಬೆಳಿಗ್ಗೆ ಕೆಲಸ ಮುಗಿಸಿ ಕೈಕಟ್ಟಿ ಕೂತರು. ನೋಡಿದರೆ ಅವರ ಕಂಪೈಲರುಗಳೆಲ್ಲ ಊರಿಗಾಂನ ಒಬ್ಬನೇ ಹುಡುಗನ ಹೆಸರು ಹೇಳಿದವು. ಎಲ್ಲರದ್ದೂ ಒಂದೇ ಮನೆಯಲ್ಲಿ ಹೇಗಯ್ಯಾ ಹುಟ್ಟಿತು ಎಂದೆ.

ಊರಿಗಾಂನವನು ಎದ್ದು ನಿಂತ. "ಕೂಡು ಕುಟುಂಬ ಸಾರ್."

ಹೆಪ್ಪು

ವಿಭಾಗದ ಮುಖ್ಯಸ್ಥರಿಗೆ ದೂರು ಕೊಟ್ಟೆ. ಕಂಪೈಲರ್ ಕಟ್ಟೋಕೂ ಒಂದು ಕಂಪೈಲರ್ ಬೇಕಲ್ರೀ, ಅದನ್ನ ಎಲ್ಲಿಂದ ತರ್ತೀರಿ ಎಂದು ನನ್ನನ್ನೇ ಕೇಳಿದರು. ಅದು ಹೆಪ್ಪಿನ ಹಾಗೆ ಎಂದೆ. ಯಂತ್ರದಲ್ಲಿರುವ ಹಳೆಯದರಿಂದ ನಮ್ಮದೊಂದನ್ನು ಕಟ್ಟುವುದು, ಆಮೇಲೆ ನಮ್ಮದರಿಂದಲೇ ನಮ್ಮದನ್ನು ಮತ್ತೊಮ್ಮೆ ಕಟ್ಟುವುದು. ಅವರು ಗಂಭೀರವಾಗಿ ತಲೆಯಾಡಿಸಿದರು.

ಮರುದಿನ ನನ್ನ ಮೇಜಿನ ಮೇಲೆ ಒಂದು ಪೆನ್‌ಡ್ರೈವ್ ಇಟ್ಟರು. "ತಗೊಳ್ಳಿ, ರೆಡಿ ಮೊಸರು. ಎಲ್ಲರಿಗೂ ಬಡಿಸಿಬಿಡಿ."

ಪರೀಕ್ಷೆಯ ದಿನ

ಬೇತಮಂಗಲದಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಮಾತ್ರ ಎಲ್ಲವನ್ನೂ ತಾನೇ ಕಟ್ಟುತ್ತಿದ್ದಳು. ಪರೀಕ್ಷೆಯ ಹಿಂದಿನ ದಿನ ಕರೆಂಟು ಹೋಗಿ ಫೈಲುಗಳು ಕೆಟ್ಟು, ಪಾಪ, ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಬೆಂಗಳೂರಿನಿಂದ ಬಂದ ಪರೀಕ್ಷಕರು ಅವಳ ಬಳಿ ಬಂದಾಗ ಕಂಪೈಲರ್ ಕಟ್ಟಿ ಮುಗಿದಿರಲಿಲ್ಲ, ಪರದೆಯ ಮೇಲೆ ಸಾಲುಗಳು ಇನ್ನೂ ಓಡುತ್ತಲೇ ಇದ್ದವು. ಅವರು ಹೊರಡುವುದರೊಳಗೆ ಮುಗಿಯದಿದ್ದರೆ ಅವಳು ಫೇಲು.

ಪರೀಕ್ಷಕರಿಗೆ ರೈಲಿನ ಅವಸರ. ಪಕ್ಕದವನದ್ದು ಹಾಕ್ಕೊಂಡು ತೋರಿಸಮ್ಮ, ಅಂಕ ಕೊಡ್ತೀನಿ ಎಂದರು. ಮುಖ್ಯಸ್ಥರು ಪೆನ್‌ಡ್ರೈವ್ ಚಾಚಿಕೊಂಡೇ ನಿಂತಿದ್ದರು. ನನ್ನ ಬಾಯಿಂದಲೂ ಬಂದೇಬಿಟ್ಟಿತು, ಇದೊಂದು ಸಲ ತಗೋಮ್ಮ ಅಂತ.

ಅವಳು ಪಾಸಾದದ್ದು ಆಮೇಲಿನ ಮಾತು. ಆಗ ಅವಳು ಮಾಡಿದ್ದು ಇಷ್ಟು. ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ವಿನಯದಿಂದ ತೆಗೆದುಕೊಂಡು, ಖಾಲಿ ಊಟದ ಡಬ್ಬಿಯೊಳಗೆ ಹಾಕಿ, ಮುಚ್ಚಳ ಬಿಗಿದು, ನಮ್ಮ ಮೂವರಿಗೂ ಒಂದೊಂದು ಕುರ್ಚಿ ಎಳೆದು ಹಾಕಿದಳು.

"ಕೂತ್ಕೊಳಿ ಸಾ, ಆಯ್ತದೆ. ಬೆಂಗ್ಳೂರ್ಗೆ ಇನ್ನೊಂದ್ ರೈಲು ಬತ್ತದೆ."