ಊಟಾ ಆತೇನ್ರೀ?

ನನ್ನ ಗಂಡನ ಸೋದರತ್ತೆಯನ್ನು ಅಮೆರಿಕದ ಗುಪ್ತಚರ ಇಲಾಖೆಯವರು ಇನ್ನೂ ಕೆಲಸಕ್ಕೆ ಕರೆದಿಲ್ಲವಲ್ಲ ಎಂಬುದೇ ನನಗೆ ಆಶ್ಚರ್ಯ! ಇಂಗ್ಲಿಷಿನಲ್ಲಿ ಅವರಿಗೆ ಬರುವುದು ‘ಯೆಸ್’, ‘ನೋ’, ‘ಥ್ಯಾಂಕ್ಯೂ’, ಮೂರೇ. ಅಷ್ಟರಲ್ಲೇ ಎದುರಿಗೆ ಸಿಕ್ಕವರ ಮೂರು ತಲೆಮಾರಿನ ಸಂಗತಿಯನ್ನು ಹೊರಗೆಳೆದುಬಿಡುತ್ತಾರೆ.

ಧಾರವಾಡದಿಂದ ವಾಷಿಂಗ್ಟನ್ ಬಳಿಯ ಸ್ಟರ್ಲಿಂಗ್‌ನ ನಮ್ಮ ಮನೆಗೆ ಬಂದು ಮೂರು ದಿನವಾಗಿತ್ತಷ್ಟೆ. ಪಾರ್ಸೆಲ್ ತಂದವನು ಬಾಗಿಲಲ್ಲೇ ನಿಂತು ಅವರಿಗೆ ಫೋನಿನಲ್ಲಿ ಮಗಳ ಫೋಟೊ ತೋರಿಸುತ್ತಿದ್ದ. ಎಂಟು ವರ್ಷದಿಂದ ಇಲ್ಲಿರುವ ನಾನು ಆತನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ!

“ಅವನ ಹೇಣ್ತಿಗೆ ಮೊಣಕಾಲ ನೋವಂತ. ಎಳ್ಳೆಣ್ಣಿ ಹಚ್ಚು ಅಂತ ಹೇಳೀನಿ” ಎಂದರು ಅತ್ತೆ. ಯಾವ ಭಾಷೆಯಲ್ಲಿ ಹೇಳಿದರೋ ದೇವರೇ ಬಲ್ಲ.

ಇಂಥವರನ್ನು ಗುಂಪಿನ ಪ್ರವಾಸಕ್ಕೆ ಕರೆದೊಯ್ಯಬಹುದೆ? ನಾನು ಕರೆದೊಯ್ದೆ. ಪಕ್ಕದ ಊರು ಫೇರ್‌ಫ್ಯಾಕ್ಸ್‌ನ ಅಂಕಲ್ ಒಬ್ಬರು ಪ್ರತಿ ಬೇಸಿಗೆಯಲ್ಲೂ ಊರಿಂದ ಬಂದ ಹಿರಿಯರನ್ನು ವ್ಯಾನಿನಲ್ಲಿ ತುಂಬಿಕೊಂಡು ವಾಷಿಂಗ್ಟನ್ ತೋರಿಸುತ್ತಾರೆ. ಗಡಿಯಾರದ ಮನುಷ್ಯ, ಬಾತ್‌ರೂಮಿಗೂ ನಾಲ್ಕೇ ನಿಮಿಷ! ಅತ್ತೆ ಸರಿಯಾಗಿ ಅವರ ಹಿಂದಿನ ಸೀಟಿನಲ್ಲೇ ಕೂತರು. ವಿಚಾರಣೆ ಅಂಕಲ್ಲರ ಅಕ್ಕನ ಮದುವೆಯವರೆಗೆ ಬರುವಷ್ಟರಲ್ಲಿ ಹೆದ್ದಾರಿಯಿಂದ ಇಳಿಯಬೇಕಾದ ಒಂದು ಎಕ್ಸಿಟ್ ತಪ್ಪಿತು. ಆ ಮದುವೆಯಲ್ಲಿ ಮುನಿಸಿಕೊಂಡವರು ಯಾರು ಎನ್ನುವಷ್ಟರಲ್ಲಿ ಇನ್ನೊಂದು. ಹೀಗೆ ಪೊಟೊಮ್ಯಾಕ್ ನದಿಯನ್ನು ಮೂರು ಸಲ ದಾಟಿದೆವು.

“ಎಷ್ಟ್ ಹೊಳಿ ಅದಾವ್ರೀ ಈ ಊರಾಗ!” ಎಂದು ಅತ್ತೆ ಬೆರಗಾದರು.

ಕುರ್ಚಿಯಲ್ಲಿ ಕೂತ ಹಳೆಯ ಅಧ್ಯಕ್ಷರೊಬ್ಬರ ಭಾರೀ ಕಲ್ಲಿನ ವಿಗ್ರಹದ ಮುಂದೆಯೂ ಬಿಡಲಿಲ್ಲ. “ಕುಂತ್ ಕುಂತ್ ಕಾಲ್ ಜೋಮು ಹಿಡದಿಲ್ಲೇನ್ರೀ?”

“ಆಂಟಿ, ಅದು ಸ್ಟ್ಯಾಚ್ಯೂ!” ಎಂದರು ಅಂಕಲ್.

“ಹೌದ? ಅದಕ್ಕ ಉತ್ತರಾ ಕೊಡವಲ್ರು.”

ಆಮೇಲೆ ಇದ್ದದ್ದು ಮಹಾಯುದ್ಧದ ಕಾಲದಲ್ಲಿ ಶಿಬಿರಗಳಲ್ಲಿ ಕೂಡಿಹಾಕಿ, ಉಪವಾಸ ಕೆಡವಿ ಕೊಂದುಹಾಕಿದ ಲಕ್ಷಾಂತರ ಯಹೂದಿಗಳ ನೆನಪಿನ ಮ್ಯೂಸಿಯಂ. “ಒಂದೂವರೆ ಗಂಟೆ ಇಲ್ಲಿ, ಆಮೇಲೆ ಡೈರೆಕ್ಟ್ ದೋಸೆ!” ಎಂದು ಅಂಕಲ್ ಘೋಷಿಸಿದರು. ನಾನು ಅತ್ತೆಯ ಕಿವಿಯಲ್ಲಿ, “ಇಲ್ಲಿ ಮಾತ್ರ ಯಾರನ್ನೂ ಮಾತಾಡಿಸ್ಬೇಡಿ, ಪ್ಲೀಸ್” ಎಂದೆ.

“ನಾ ಯಾಕ ಮಾತಾಡ್ಲಿ? ನಾ ಎಂದಾದ್ರೂ ನಾನಾಗಿ ಮಾತಾಡೀನೇನು?”

ಒಳಗೆ ಸತ್ತವರ ಬೂಟುಗಳ ರಾಶಿ. ಅಷ್ಟು ಹೊತ್ತು ಗ್ರೀನ್ ಕಾರ್ಡು, ಮಂಡಿ ಆಪರೇಶನ್ನು ಎನ್ನುತ್ತಿದ್ದವರೆಲ್ಲ ಕೈಕಟ್ಟಿ ನಿಂತರು. ಅಂಗೈಯಷ್ಟೂ ಇಲ್ಲದ ಒಂದು ಬೂಟನ್ನು ಅತ್ತೆ ಬಹಳ ಹೊತ್ತು ನೋಡಿದರು.

ಕೆಳಗಿನ ಹಜಾರದಲ್ಲಿ ಒಂದು ಮೇಜು. ಅದರ ಹಿಂದೆ ತೊಂಬತ್ತರ ಹತ್ತಿರದ ಅಜ್ಜಿ. ಚಿಕ್ಕ ಹುಡುಗಿಯಾಗಿದ್ದಾಗ ಅಂಥ ಒಂದು ಸಾವಿನ ಶಿಬಿರದಿಂದ ಬದುಕಿ ಬಂದವರು. ಸುತ್ತ ನಿಂತ ಜನ ಕೇಳುತ್ತಿದ್ದರು: ಯಾವ ಶಿಬಿರ, ಎಷ್ಟು ವರ್ಷ, ಏನೇನು ನೋಡಿದಿರಿ? ಅವರು ತಾಳ್ಮೆಯಿಂದ ಹೇಳುತ್ತಿದ್ದರು. ನಾನು ಸೆರಗು ಹಿಡಿಯುವ ಮೊದಲೇ ಅತ್ತೆ ನುಗ್ಗಿ, ಅಜ್ಜಿಯ ಕೈ ಹಿಡಿದೇಬಿಟ್ಟರು.

“ಊಟಾ ಆತೇನ್ರೀ?”

ಎಲ್ಲರೂ ನನ್ನತ್ತ ತಿರುಗಿದರು. ಭೂಮಿ ಬಾಯಿಬಿಡಬಾರದೆ! ತಡವರಿಸುತ್ತ ಇಂಗ್ಲಿಷಿಗೆ ತಿರುಗಿಸಿದೆ. ಅಜ್ಜಿ ಒಂದು ಕ್ಷಣ ಅತ್ತೆಯನ್ನೇ ನೋಡಿ, ಜೋರಾಗಿ ನಕ್ಕರು. “ಇಲ್ಲ, ಇನ್ನೂ ಆಗಿಲ್ಲ. ಈ ಮೇಜಿನ ಮುಂದೆ ಇದನ್ನು ಯಾರೂ ಕೇಳಿರಲಿಲ್ಲ” ಎಂದರು.

ಹತ್ತು ನಿಮಿಷದಲ್ಲಿ ಇಬ್ಬರೂ ಹೊರಗಿನ ಬೆಂಚಿನ ಮೇಲೆ! ನಡುವೆ, ವ್ಯಾನಿನಿಂದ ತರಿಸಿದ ಚಪಾತಿ ಡಬ್ಬಿ, ಬೆಲ್ಲ, ತುಪ್ಪ. “ಆಂಟೀ, ದೋಸೆ!” ಎಂದು ಅಂಕಲ್ ದೂರದಿಂದ ಗಡಿಯಾರ ತೋರಿಸುತ್ತಿದ್ದರು. ನೋಡುವವರು ಯಾರು?

ಅಜ್ಜಿ ಅರ್ಧ ಚಪಾತಿ ತಿಂದರು. ಉಳಿದರ್ಧವನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಮೆಲ್ಲಗೆ ತಮ್ಮ ಕೈಚೀಲಕ್ಕೆ ಸೇರಿಸಿದರು. ನಾನು ನೋಡಿದ್ದು ತಿಳಿದು ನಾಚಿಕೊಂಡರು. “ಅಲ್ಲಿಂದ ಬಂದ ಅಭ್ಯಾಸ. ಇಷ್ಟು ವರ್ಷವಾದರೂ ಬಿಡಲಾಗಿಲ್ಲ” ಎಂದರು ಇಂಗ್ಲಿಷಿನಲ್ಲಿ.

ನಾನು ಅತ್ತೆಗೆ ಹೇಳಲು ಬಾಯಿ ತೆರೆದೆ.

“ಬ್ಯಾಡವಾ, ತಿಳೀತು” ಎಂದರು ಅತ್ತೆ. ಡಬ್ಬಿಯಲ್ಲಿ ಉಳಿದಿದ್ದ ಎರಡು ಚಪಾತಿಯನ್ನೂ ಸುತ್ತಿ, ಆ ಕೈಚೀಲದೊಳಗಿಟ್ಟು, ಜಿಪ್ ಎಳೆದರು.